ಜೋಳದ ಅಟ್ಟಿ: ಕಾರ್ಬನ್ ಡೈಆಕ್ಸೈಡ್ ತಳದಲ್ಲಿ 55, ನೆತ್ತಿಯಲ್ಲಿ 22. ಯಾಕೆ?

ಪ್ರಶ್ನೆ:
40 ಟನ್ ಜೋಳ, ಚೀಲಗಳ ಅಟ್ಟಿ, 3 ಮೀಟರ್ ಎತ್ತರ. ಹುಳು ಸಾಯಲೆಂದು ಪಿವಿಸಿ ಹೊದಿಕೆ ಹಾಕಿ, ಟನ್ನಿಗೆ 2 ಕೆ.ಜಿ. ಲೆಕ್ಕದಲ್ಲಿ 80 ಕೆ.ಜಿ. ಗ್ಯಾಸ್ ತಳದಿಂದ ಬಿಟ್ಟಿದೆ. ಆಗ ಮೇಲೆ ಕೆಳಗೆ ಎರಡೂ ಕಡೆ 65% ಇತ್ತು. ಮೂರನೇ ದಿನಕ್ಕೆ ತಳದಲ್ಲಿ 55, ನೆತ್ತಿಯಲ್ಲಿ 22. ಭಾರದ ಗ್ಯಾಸ್ ಕೆಳಗೆ ಕೂತುಬಿಟ್ಟಿತೇ? ಮೇಲಿನಿಂದ ಇನ್ನೊಂದು ಸಿಲಿಂಡರ್ ಬಿಡಬಹುದೇ?

ಉತ್ತರ 1:
ಕೂತಿಲ್ಲ, ಸೋರಿದೆ. ಗಾಳಿಯಲ್ಲಿ ಒಮ್ಮೆ ಬೆರೆತ ಗ್ಯಾಸ್ ಮತ್ತೆ ಬೇರ್ಪಟ್ಟು ಇಳಿಯುವುದಿಲ್ಲ. ಆದರೆ 65% ಮಿಶ್ರಣ ಹೊರಗಿನ ಗಾಳಿಗಿಂತ ಸುಮಾರು ಮೂರನೇ ಒಂದು ಪಾಲು ಹೆಚ್ಚು ಭಾರ. ತಳದಲ್ಲಿ ಸಂದಿಯಿದ್ದರೆ ನೀರಿನಂತೆ ಹರಿದುಹೋಗುತ್ತದೆ, ಖಾಲಿಯಾದ ಜಾಗಕ್ಕೆ ನೆತ್ತಿಯ ತೂತಿನಿಂದ ಹೊರಗಾಳಿ ಇಳಿಯುತ್ತದೆ. ಮೇಲಿನ ರೀಡಿಂಗ್ ಮೊದಲು ಬೀಳುವುದು ಇದಕ್ಕೇ. ಹೊದಿಕೆಯೂ ನೆಲದ ಹಾಳೆಯೂ ಸೇರುವ ಅಂಟು, ಅದರಲ್ಲೂ ನಾಲ್ಕು ಮೂಲೆಯ ಮಡಿಕೆ ನೋಡಿ. ಮರಳು ಚೀಲ ಹೇರಿದರೆ ಸಾಲದು, ಅಂಟಿಸಲೇಬೇಕು. ಮೇಲೆ ಗಾಳಿ ಹೊರಬಿಟ್ಟ ಕಿಂಡಿ, ಸ್ಯಾಂಪಲ್ ನಳಿಕೆಯ ಸುತ್ತಲೂ ನೋಡಿ.

ತಳದಲ್ಲಿ 65 ಇದ್ದದ್ದು 55 ಆಗಿರುವುದರಲ್ಲಿ ಒಂದು ಪಾಲು ಕಾಳೇ ಹೀರಿಕೊಂಡದ್ದು. ಮೊದಲೆರಡು ದಿನ ಅದು ಸಹಜ.

ಉತ್ತರ 2:
ಮೇಲಿನಿಂದ ಬಿಡಬೇಡಿ. ಇಳಿಯುತ್ತಾ ಗಾಳಿಯೊಂದಿಗೆ ಕಲಸಿಹೋಗಿ, ಕಿಂಡಿಯಿಂದ ಗಾಳಿಯ ಜೊತೆ ಗ್ಯಾಸೂ ಹೋಗುತ್ತದೆ. ತಳದಿಂದ ನಿಧಾನವಾಗಿ ಬಿಟ್ಟರೆ ಅದು ಗಾಳಿಯನ್ನು ಮೇಲಕ್ಕೆ ದಬ್ಬುತ್ತಾ ಏರುತ್ತದೆ. ವಾಲ್ವ್ ಪೂರ್ತಿ ತೆರೆದರೆ ರೆಗ್ಯುಲೇಟರ್ ಹಿಮಗಟ್ಟುತ್ತದೆ.

"ತಾನಾಗಿ ಮೇಲೆ ಹರಡಲಿ" ಎಂದು ಕಾಯುವುದೂ ತಪ್ಪು. ಕಾಳಿನ ಸಂದುಗೊಂದುಗಳಲ್ಲಿ ಅನಿಲ ಸುತ್ತಿ ಬಳಸಿ ಸಾಗಬೇಕು; 3 ಮೀಟರ್ ದಾಟಲು ವಾರಕ್ಕಿಂತ ಹೆಚ್ಚೇ ಬೇಕು. ಮೊದಲು ಸೋರಿಕೆ ಮುಚ್ಚಿ, ಕಿಂಡಿ ತೆರೆದು, ನೆತ್ತಿಯಲ್ಲಿ 60% ಬರುವವರೆಗೆ ತಳದಿಂದ ತುಂಬಿ. ಮುಚ್ಚಿಡಬೇಕಾದ 15 ದಿನದ ಲೆಕ್ಕ ಅಲ್ಲಿಂದ ಹೊಸದಾಗಿ ಶುರು, ಕೊನೆಯ ದಿನವೂ ಎಲ್ಲಾ ಕಡೆ 35% ಉಳಿದಿರಬೇಕು. ಇಲ್ಲವಾದರೆ ಕಾಳಿನೊಳಗಿನ ಹುಳುವಿನ ಕೋಶಗಳು (ಪ್ಯೂಪಾ) ಬದುಕಿ, ಹುಳು ಮತ್ತೆ ಬರುತ್ತದೆ.

ಪ್ರಶ್ನೆ ಕೇಳಿದವರು:
ಒಂದು ಮೂಲೆಯಲ್ಲಿ ಗೇಣುದ್ದ ಅಂಟು ಬಿಟ್ಟಿತ್ತು. ಇನ್ನೊಂದು: ಬಿಚ್ಚುವಾಗ ಹಗೇವಿಗೆ (ಕಾಳು ತುಂಬಿಡುವ ನೆಲದಡಿಯ ಗುಂಡಿ) ಮಾಡುವ ಹಾಗೆ, ಆರುತ್ತದೆಯೇ ಎಂದು ದೀಪ ಹಿಡಿದು ನೋಡಿದರೆ ಸಾಕೇ?

ಉತ್ತರ 3:
ಸಾಲದು. ಹಗೇವಿಗೂ ಸಾಲದು. ಗಾಳಿಯಲ್ಲಿ 10% ಕಾರ್ಬನ್ ಡೈಆಕ್ಸೈಡ್ ಸೇರಿದರೂ ಆಮ್ಲಜನಕ ಸುಮಾರು 19% ಉಳಿದಿರುತ್ತದೆ. ದೀಪ ಉರಿಯುತ್ತಲೇ ಇರಬಹುದು, ಮನುಷ್ಯ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಒದ್ದೆ ಬಟ್ಟೆ ಮೂಗಿಗೆ ಕಟ್ಟಿದರೂ ಉಪಯೋಗವಿಲ್ಲ. ಗೋದಾಮಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಹೊದಿಕೆಯನ್ನು ತಳದಿಂದ ಬಿಡಿಸಿ ಹೊರಗೆ ಬನ್ನಿ. ನೆಲದ ಮಟ್ಟದಲ್ಲಿ ಮೀಟರ್ 0.5%ಕ್ಕಿಂತ ಕೆಳಗೆ ತೋರಿಸಿದ ಮೇಲಷ್ಟೇ ಹಮಾಲರನ್ನು ಒಳಗೆ ಬಿಡಿ. ಹಗೇವಿನಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಇನ್ನೊಬ್ಬರು ಇಳಿಯಬಾರದು. ಮೊದಲು ಇಳಿದವರ ಸೊಂಟಕ್ಕೆ ಇಳಿಯುವ ಮುಂಚೆಯೇ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿದ್ದರೆ ಎಳೆದುಕೊಳ್ಳಬಹುದು.