ನೋವಿಲ್ಲ ಅಂತ ಸುಮ್ನಿರಬೇಡ ಪುಟ್ಟಿ

ಪುಟ್ಟಿ, ಇದನ್ನು ಇಯರ್‌ಫೋನ್ ಹಾಕಿಕೊಂಡು ಕೇಳು. ಹಾಲ್‌ನಲ್ಲಿ ನಿನ್ನ ಮಾವ ಕೂತಿರುತ್ತಾರೆ.

ನೀನು ಬೆಳಿಗ್ಗೆ ಹಾಕಿದ ಮೆಸೇಜ್ ಓದಿದೆ. ಎರಡನೇ ಹೆರಿಗೆಯಾಗಿ ಐದು ತಿಂಗಳು. ತೊಳೆದುಕೊಳ್ಳುವಾಗ ಮಲದ್ವಾರದ ಪಕ್ಕ ಏನೋ ಮೆತ್ತಗೆ ಕೈಗೆ ಸಿಗುತ್ತದೆ, ನೋವಿಲ್ಲ, ರಕ್ತ ಇಲ್ಲ, ಕನ್ನಡಿಯಲ್ಲಿ ನೋಡಿದರೆ ಮೊದಲಿನ ಹಾಗಿಲ್ಲ ಅಂತ. ಚಿಕ್ಕಮ್ಮ ತಕ್ಷಣ ಪೈಲ್ಸ್ ಅಂದುಬಿಟ್ಟರು. ನಮ್ಮಲ್ಲಿ ಆ ಜಾಗದಲ್ಲಿ ಏನೇ ಆದರೂ ಪೈಲ್ಸೇ! ಸರ್ಜರಿ ಓಪಿಡಿಯಲ್ಲಿ ನಾನು ಅಷ್ಟು ವರ್ಷ ನರ್ಸ್ ಆಗಿದ್ದೆನಲ್ಲ, ಪೈಲ್ಸ್ ಅಂತ ಹೇಳಿಕೊಂಡು ಬಂದವರಲ್ಲಿ ಬೇರೆ ಏನೇನೋ ಇರುತ್ತಿತ್ತು.

ನೀನು ಹೇಳಿದ್ದು ಕೇಳಿದರೆ ನನಗೆ ಸ್ಕಿನ್ ಟ್ಯಾಗ್ ಅನ್ನಿಸುತ್ತದೆ. ಜೋತುಬಿದ್ದ ಚರ್ಮ, ಅಷ್ಟೇ. ಬಸುರಿನಲ್ಲಿ, ಹೆರಿಗೆಗೆ ತಿಣುಕುವಾಗ ಅಲ್ಲಿನ ರಕ್ತನಾಳಗಳು ಊದುತ್ತವೆ. ಊತ ಇಳಿದರೂ ಹಿಗ್ಗಿದ ಚರ್ಮ ಹಾಗೇ ಉಳಿಯುತ್ತದೆ, ಗಾಳಿ ಹೋದ ಬಲೂನಿನ ಹಾಗೆ. ಬಾಣಂತನದಲ್ಲಿ ನಾಲ್ಕು ದಿನ ಕೂರುವುದಕ್ಕೇ ಆಗಲಿಲ್ಲ ಅಂದಿದ್ದೆಯಲ್ಲ? ಆಗ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಅಥವಾ ಚರ್ಮ ಸೀಳಿರಬಹುದು. ಅವೆರಡೂ ವಾಸಿಯಾದ ಮೇಲೆ ಇಂಥ ತುಣುಕು ಬಿಟ್ಟುಹೋಗುತ್ತವೆ. ಇನ್ನು ಬಣ್ಣ ಕಪ್ಪಾಯಿತು ಅಂತ ಗಾಬರಿ ಬೇಡ. ಬಸುರಿನಲ್ಲಿ ಕತ್ತು, ಕಂಕುಳು ಕಪ್ಪಾಗುವುದಿಲ್ವಾ, ಅದೂ ಹಾಗೇ.

ಟ್ಯಾಗ್ ಚರ್ಮದ ಬಣ್ಣದಲ್ಲೇ ಇರುತ್ತದೆ, ಒತ್ತಿದರೂ ಒಳಗೆ ಹೋಗುವುದಿಲ್ಲ. ಕಕ್ಕಸಿಗೆ ಕೂತಾಗ ಕೆಂಪಗೆ, ಒದ್ದೊದ್ದೆಯಾಗಿ ಹೊರಗೆ ಬಂದು, ಎದ್ದ ಮೇಲೆ ಒಳಗೆ ಹೋದರೆ ಅದು ಒಳಗಿನ ಪೈಲ್ಸ್. ಅದೂ ಸಾಮಾನ್ಯವಾಗಿ ನೋಯುವುದಿಲ್ಲ. ಯಾಕೆ ಗೊತ್ತಾ? ಗುದದ ಒಳಗೆ ಸುಮಾರು 2 ಸೆಂಟಿಮೀಟರ್ ಮೇಲೆ ಒಂದು ಗೆರೆ ಇದೆ. ಅದರ ಕೆಳಗೆ ಸೂಜಿ ತಾಗಿದರೂ ಚುರುಕ್ ಅನ್ನುತ್ತದೆ, ಮೇಲೆ ಆ ಥರದ ನೋವು ಗೊತ್ತೇ ಆಗುವುದಿಲ್ಲ. ಒಳಗಿನ ಪೈಲ್ಸಿಗೆ ರಬ್ಬರ್ ಬ್ಯಾಂಡ್ ಹಾಕುವಾಗ ಅನಸ್ತೇಸಿಯಾ ಇಲ್ಲದೆಯೇ ಹಾಕುತ್ತಿದ್ದರು, ನಾನೇ ಪಕ್ಕದಲ್ಲಿ ನಿಂತಿರುತ್ತಿದ್ದೆ.

ಅದಕ್ಕೇ ನೋವಿಲ್ಲ ಅನ್ನುವುದನ್ನು ನಂಬಿ ಕೂರಬೇಡ ಅನ್ನುವುದು. ಸಣ್ಣ ಸಣ್ಣ ಹೂಕೋಸಿನ ಥರ ನಾಲ್ಕೈದು ಇದ್ದರೆ ಅದು ಎಚ್‌ಪಿವಿ ಅನ್ನುವ ವೈರಸ್‌ನಿಂದ ಬರುವ ನರಹುಲಿ. ಅದಕ್ಕೆ ಬೇರೆ ಚಿಕಿತ್ಸೆ. ಗಂಟು ಗಟ್ಟಿಯಾಗಿದ್ದರೆ, ಬೆಳೆಯುತ್ತಿದ್ದರೆ, ಹುಣ್ಣು ಮಾಯದಿದ್ದರೆ, ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ ಒಂದು ದಿನವೂ ತಳ್ಳಬೇಡ. ಅಲ್ಲಿನ ಕ್ಯಾನ್ಸರ್ ಅಪರೂಪ, ಆದರೆ ಶುರುವಿನಲ್ಲಿ ಅದೂ ನೋಯದೇ ಇರಬಹುದು. ಹೆದರಿಸುತ್ತಿಲ್ಲ, ಸುಮ್ನೆ ಒಂದು ಸಲ ತೋರಿಸಿ ಬಾ ಅಂತ.

ನಾಚಿಕೆ ಅಲ್ವಾ? ಲೇಡಿ ಡಾಕ್ಟರೇ ಬೇಕು ಅಂತ ಬಾಯಿಬಿಟ್ಟು ಕೇಳು. ಎಡಗಡೆ ಮಗ್ಗುಲಾಗಿ ಮಲಗಿಸಿ, ಮೊಣಕಾಲು ಮಡಚಿಸುತ್ತಾರೆ. ಮೇಲೆ ಶೀಟ್ ಹೊದಿಸಿರುತ್ತಾರೆ. ಗ್ಲೌಸ್ ಹಾಕಿದ ಬೆರಳು, ಬೇಕಾದರೆ ಪ್ರಾಕ್ಟೋಸ್ಕೋಪ್ ಅಂತ ಸಣ್ಣ ಕೊಳವೆ. ಐದು ನಿಮಿಷದ ಕೆಲಸ. ಟ್ಯಾಗ್ ಅಂತಾದರೆ ತೆಗೆಸಲೇಬೇಕು ಅಂತೇನಿಲ್ಲ. ತೊಳೆಯಲು ಕಷ್ಟವಾದರೆ, ತುರಿಕೆ ಜಾಸ್ತಿಯಾದರೆ ಮಾತ್ರ ಯೋಚಿಸು.

ಅಲ್ಲಿವರೆಗೆ ಸೋಪು, ಡೆಟಾಲ್ ಮುಟ್ಟಿಸಬೇಡ, ಬರೀ ನೀರು ಸಾಕು. ಮೊಬೈಲ್ ಹಿಡಿದು ಕಮೋಡ್ ಮೇಲೆ ಕೂರಬೇಡ. ಸೊಪ್ಪು, ಕಾಳು, ರಾಗಿ ತಿನ್ನು, ಹಾಲೂಡಿಸುವವಳು ನೀರು ಜಾಸ್ತಿ ಕುಡಿ. ಮತ್ತೆ ಚಿಕ್ಕಮ್ಮ ಹೇಳಿದ ಕುದುರೆ ಬಾಲದ ಕೂದಲು ಕಟ್ಟುವುದು, ಸುಣ್ಣ ಹಚ್ಚುವುದು, ಅವೆಲ್ಲ ಬೇಡವೇ ಬೇಡ. ಬಸ್‌ಸ್ಟ್ಯಾಂಡ್ ಪಕ್ಕ ಬೋರ್ಡ್ ಹಾಕಿಕೊಂಡು ಆಪರೇಷನ್ ಇಲ್ಲದೆ ಒಂದೇ ಇಂಜೆಕ್ಷನ್‌ಗೆ ವಾಸಿ ಅನ್ನುತ್ತಾರಲ್ಲ, ಅವರ ಹತ್ತಿರ ಹೋಗಿ ಸುಟ್ಟುಕೊಂಡು ಬಂದವರಿಗೆ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ.

ಶನಿವಾರ ಮಕ್ಕಳನ್ನು ನನ್ನ ಹತ್ತಿರ ಬಿಟ್ಟು ಹೋಗು. ಚಿಕ್ಕದಕ್ಕೆ ಹಾಲು ತೆಗೆದಿಟ್ಟಿರು, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.