ಸಹಾಯ ಬೇಕು: ಬಿಚ್ಚಿದ ಕೋವಿ ವಾಪಸ್ ಜೋಡಿಸೋಕೆ ಆಗ್ತಿಲ್ಲ
ನಮಸ್ಕಾರ, ನಾವು ಮಡಿಕೇರಿ ಹತ್ರದವರು, ಸೆಪ್ಟೆಂಬರ್ 3ಕ್ಕೆ ಕೈಲ್ ಮುಹೂರ್ತ (ಕೊಡವರ ಆಯುಧ ಪೂಜೆ ಹಬ್ಬ), ಅದಕ್ಕೇ ಅಜ್ಜನ ಕಾಲದ 12 ಬೋರ್ ಡಬಲ್ ಬ್ಯಾರೆಲ್ ಕೋವಿ ಕ್ಲೀನ್ ಮಾಡೋಕೆ ಕೂತೆ. ಮೊದಲು ಮಡಚಿ ಎರಡೂ ಚೇಂಬರ್ (ತೋಟಾ ಕೂರೋ ಜಾಗ) ಖಾಲಿ ಅಂತ ಕಣ್ಣಲ್ಲಿ ನೋಡಿ, ಬೆರಳು ಹಾಕಿ ಚೆಕ್ ಮಾಡಿದೆ, ತೋಟಾ ಬೇರೆ ರೂಮಲ್ಲಿ ಬೀಗ ಹಾಕಿಟ್ಟಿದೀನಿ. ಬ್ಯಾರೆಲ್ ಕೆಳಗಿನ ಮರ ತೆಗೆದು, ಬ್ಯಾರೆಲ್ ಬಿಚ್ಚಿ, ರಾಡಿಗೆ ಬಟ್ಟೆ ಸುತ್ತಿ ಎಳೆದ್ರೆ ಕಪ್ಪು ಮಸಿ ಜೊತೆ ಮಳೆಗಾಲದ ತುಕ್ಕೂ ಬಂತು, ನೋಡಿ ಬೇಜಾರಾಯ್ತು. ತೆಳ್ಳಗೆ ಎಣ್ಣೆ ಹಚ್ಚಿದೆ.

ಈಗ ಬ್ಯಾರೆಲ್ ಸರಿಯಾಗಿ ಕೂತಿದೆ, ಆದ್ರೆ ಆ ಮರ ಮಾತ್ರ ಕೊನೇಲಿ ಅರ್ಧ ಇಂಚು ನಿಂತುಬಿಡುತ್ತೆ, ಲಾಕ್ ಬೀಳ್ತಿಲ್ಲ. ಎರಡ್ಮೂರು ಸಲ ಬಿಚ್ಚಿ ಹಾಕಿದೆ, ಅದೇ ಕಥೆ. ಬಲವಂತ ಮಾಡಿಲ್ಲ. ಬಿಚ್ಚಿಟ್ಟಾಗ ತಮ್ಮ ಟ್ರಿಗರ್ ಒತ್ತಿದ್ನಂತೆ. ಒಳಗಿನ ಹ್ಯಾಮರ್ (ಟ್ರಿಗರ್ ಒತ್ತಿದಾಗ ಬಡಿಯೋ ಭಾಗ) ಇಳಿದಿರೋದ್ರಿಂದ ಹೀಗಾಗಿದ್ಯಾ? ಮನೇಲೇ ಸರಿ ಮಾಡಬಹುದಾ, ಇಲ್ಲಾ ಲೈಸೆನ್ಸ್ ಇರೋ ರಿಪೇರಿಯವರ ಹತ್ರಾನೇ ಹೋಗ್ಬೇಕಾ?