‘ಲೋಕಾ’ದಲ್ಲಿ ಚಂದ್ರಾ ನಾಯಕಿಯೋ, ಮುಂದಿನ ಚಿತ್ರಗಳಿಗೆ ಪೀಠಿಕೆಯೋ?

ರಾತ್ರಿಪಾಳಿಯವಳು:

ಕಥೆಯ ತಿರುವುಗಳನ್ನೆಲ್ಲ ಬಿಚ್ಚಿ ಹೇಳಲಿದ್ದೇನೆ, ಚಿತ್ರ ನೋಡದವರು ಇಲ್ಲಿಗೇ ನಿಲ್ಲಿಸಿ.

ಡೊಮಿನಿಕ್ ಅರುಣ್ ನಿರ್ದೇಶನದ ಮಲಯಾಳಂ ಚಿತ್ರ ‘ಲೋಕಾ ಅಧ್ಯಾಯ 1: ಚಂದ್ರ’ (2025) ನೋಡಿದ ಮೇಲೆ ನನಗೂ ನನ್ನ ಅಕ್ಕನಿಗೂ ಜಗಳವೇ ಆಯಿತು. ‘ಹೆಣ್ಣೊಬ್ಬಳನ್ನು ಮುಂದಿಟ್ಟುಕೊಂಡು ಮಾಡಿದ ಸೂಪರ್‌ಹೀರೋ ಚಿತ್ರ 300 ಕೋಟಿ ದಾಟಿದೆ, ನಿನಗೆ ಇನ್ನೇನು ಬೇಕು?’ ಎಂದಳು. ನನಗೆ ಬೇಕಾದದ್ದು ಇನ್ನೂ ಬಹಳ ಇದೆ.

ಮೊದಲು ಮೆಚ್ಚಿದ್ದನ್ನು ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ರಾತ್ರಿ ಕೆಲಸ ಮಾಡುವವಳು ನಾನು. ಚಂದ್ರಾಳೂ ಕೆಫೆಯೊಂದರಲ್ಲಿ ರಾತ್ರಿಪಾಳಿ ಮಾಡುತ್ತಾಳೆ. ಹಗಲು ಪರದೆ ಎಳೆದುಕೊಂಡು ಮಲಗುವ, ನೆರೆಹೊರೆಯವರ ಕುತೂಹಲದ ಕಣ್ಣಿಗೆ ಬೀಳುವ ಹುಡುಗಿ ರಕ್ತ ಹೀರುವ ಯಕ್ಷಿಯೇ ಇರಬೇಕು ಎಂಬ ಕಲ್ಪನೆಗೆ ಚೆನ್ನಾಗಿ ನಕ್ಕೆ. ಕಲ್ಯಾಣಿ ಪ್ರಿಯದರ್ಶನ್ ಆ ಪಾತ್ರವನ್ನು ತೂಗಿ ಆಡಿದ್ದಾರೆ. ಹೊಡೆದಾಟದಲ್ಲೂ ಅಬ್ಬರವಿಲ್ಲ, ಬೇಕಾದಷ್ಟೇ ಕೈ ಎತ್ತುತ್ತಾರೆ. ನಿಮಿಷ್ ರವಿಯವರ ಛಾಯಾಗ್ರಹಣವಂತೂ ಮೂವತ್ತು ಕೋಟಿಯ ಆಸುಪಾಸಿನ ಬಜೆಟ್ಟನ್ನು ನೂರು ಕೋಟಿಯದೆಂದು ನಂಬಿಸುತ್ತದೆ. ಇನ್ನು ನೀಲಿಯ, ಅಂದರೆ ಶತಮಾನಗಳ ಹಿಂದಿನ ಚಂದ್ರಾಳ, ಬಾಲ್ಯದ ಭಾಗ! ಕಾಡಿನ ಜನ, ದೇವಸ್ಥಾನ, ರಾಜನ ಸೈನಿಕರು: ಇಡೀ ಚಿತ್ರದಲ್ಲಿ ನಿಜವಾದ ಸಿಟ್ಟು ಇರುವುದು ಅಲ್ಲಿ.

ತಕರಾರು ಏನೆಂದರೆ, ನಾವು ಚಂದ್ರಾಳನ್ನು ನೋಡುವುದು ಎದುರು ಮನೆಯ ಸನ್ನಿಯ ಕಿಟಕಿಯಿಂದ. ನಸ್ಲೆನ್ ಮುದ್ದಾಗಿಯೇ ನಟಿಸಿದ್ದಾರೆ, ಅದು ಬೇರೆ ಮಾತು. ಶತಮಾನಗಳನ್ನು ಕಂಡವಳಿಗೆ ಈ ಊರು ಹೇಗೆ ಕಾಣುತ್ತದೆ ಎಂದು ನನಗೆ ತಿಳಿಯಬೇಕಿತ್ತು. ಸಿಕ್ಕಿದ್ದು ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗನಿಗೆ ಅವಳು ಹೇಗೆ ಕಾಣುತ್ತಾಳೆ ಎಂಬುದು ಮಾತ್ರ. ಮಧ್ಯಂತರದ ನಂತರ ಅತಿಥಿ ಪಾತ್ರಗಳಲ್ಲಿ ನಟ ಟೊವಿನೊ ಥಾಮಸ್ ಬಂದರು, ಆಮೇಲೆ ದುಲ್ಕರ್ ಸಲ್ಮಾನ್ ಬಂದರು. ಚಿತ್ರಮಂದಿರದಲ್ಲಿ ಅತಿ ಜೋರಿನ ಸೀಟಿ ಬಿದ್ದದ್ದು ಅವರಿಗೆ. ಎರಡನೆಯ ಅಧ್ಯಾಯವೂ ಟೊವಿನೊ ಅವರ ಪಾತ್ರವಾದ, ಕೇರಳದ ಜನಪದದ ತುಂಟ ದೈವ ಚಾತನ್‌ನದೇ ಅಂತೆ. ಹಾಗಾದರೆ ಚಂದ್ರಾ ಬಂದದ್ದು ಬಾಗಿಲು ತೆರೆದು ಬೇರೆಯವರನ್ನು ಒಳಗೆ ಬಿಡುವುದಕ್ಕೇ?

ಗಡಿನಾಡಿನವ:

ಕಾಸರಗೋಡಿನ ಕಡೆಯವನು ನಾನು. ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮಲಯಾಳಂ. ಹೀಗಾಗಿ ಈ ಚಿತ್ರಕ್ಕೆ ಮೂಲವಾದ ಜನಪದ ಕಥೆಯ ಯಕ್ಷಿ ಕಳ್ಳಿಯಂಕಾಟ್ಟು ನೀಲಿಯ ಹೆಸರು ಹೇಳಿ ಹೆದರಿಸಿಯೇ ನಮ್ಮನ್ನು ಮಲಗಿಸುತ್ತಿದ್ದರು.

ಹಳೆಯ ಕಥೆಯಲ್ಲಿ ಒಡವೆಯ ಆಸೆಗೆ ಗಂಡನೇ ಕೊಂದ ಹೆಣ್ಣು ಯಕ್ಷಿಯಾಗಿ ಮರಳುತ್ತಾಳೆ. ರಾತ್ರಿ ದಾರಿಹೋಕರ ಬಳಿ ಎಲೆಯಡಿಕೆಗೆ ಸುಣ್ಣ ಕೇಳುವುದು ಯಕ್ಷಿಯರ ಪದ್ಧತಿ. ಕೊಟ್ಟವನ ಕಥೆ ಮುಗಿಯಿತು. ಕೊನೆಗೆ ಕಡಮಟ್ಟತ್ತು ಕತ್ತನಾರ್ ಎಂಬ ಮಾಂತ್ರಿಕ ಪಾದ್ರಿ ಅವಳನ್ನು ಅಡಗಿಸುತ್ತಾನೆ. ಯಕ್ಷಿಯ ಕಥೆಗಳ ಕೊನೆಯಲ್ಲಿ ಸಾಮಾನ್ಯವಾಗಿ ನೆತ್ತಿಗೆ ಹೊಡೆಯಲು ಒಂದು ಕಬ್ಬಿಣದ ಮೊಳೆ ಕಾದಿರುತ್ತದೆ. ಅನ್ಯಾಯ ಅವಳಿಗೇ ಆಗಿರುತ್ತದೆ, ಮೊಳೆಯೂ ಅವಳಿಗೇ.

ಈ ಚಿತ್ರದಲ್ಲಿ ಕತ್ತನಾರ್ ಇದ್ದಾನೆ, ಆದರೆ ಅವಳನ್ನು ಕಟ್ಟಿಹಾಕುವುದಿಲ್ಲ, ಅವಳ ಶಕ್ತಿಗೆ ಒಂದು ಕೆಲಸ ಕೊಡುತ್ತಾನೆ. ಕೊಲೆಯ ಕಾರಣವೂ ಗಂಡನ ದುರಾಸೆಯಿಂದ ಜಾತಿಯ ಕ್ರೌರ್ಯಕ್ಕೆ ಬದಲಾಗಿದೆ. ತಲೆಮಾರುಗಳಿಂದ ಕೇಳಿದ ಕಥೆಯನ್ನು ಇಷ್ಟು ತಿರುಗಿಸಿಯೂ ಪ್ರೇಕ್ಷಕರನ್ನು ಒಪ್ಪಿಸುವುದು ಹುಡುಗಾಟವಲ್ಲ. ಸೀಟಿ ಯಾರಿಗೆ ಬಿತ್ತು ಎಂದು ಅಳೆಯುವುದು ನಿಮ್ಮಿಷ್ಟ. ಯಕ್ಷಿಗೆ ಹೆದರುತ್ತಿದ್ದ ನನ್ನ ಅಮ್ಮ ಅವಳು ಗೆಲ್ಲಲಿ ಎಂದು ಕಾದದ್ದನ್ನು ನಾನು ಲೆಕ್ಕಕ್ಕೆ ಹಿಡಿಯುತ್ತೇನೆ.

ಕತ್ತರಿ:

ಸನ್ನಿಯ ಕಿಟಕಿ ತಪ್ಪಲ್ಲ. ಅಮಾನುಷ ಪಾತ್ರವನ್ನು ಮನುಷ್ಯನ ಕಣ್ಣಿಂದ ತೋರಿಸುವುದು ಹಳೆಯ ಉಪಾಯ, ಕುತೂಹಲ ಉಳಿಯುತ್ತದೆ. ನಾನು ಕೇಳುವುದು ಬೇರೆ: ಕಥೆಯನ್ನು ಮುಂದೆ ತಳ್ಳುವ ನಿರ್ಧಾರಗಳು ಯಾರವು?

ಪ್ಯಾಟಿ ಜೆಂಕಿನ್ಸ್ ನಿರ್ದೇಶನದ ‘ವಂಡರ್ ವುಮನ್’ (2017) ತೆಗೆದುಕೊಳ್ಳಿ. ಮೊದಲ ಮಹಾಯುದ್ಧದ ಕಂದಕದಲ್ಲಿ ನಿಂತ ನಾಯಕಿ ಡಯಾನಾಗೆ, ಎಲ್ಲರನ್ನೂ ಉಳಿಸಲಾಗದು, ನಾವು ಬಂದ ಕೆಲಸ ಇದಲ್ಲ ಎಂದು ಜೊತೆಗಾರ ಸ್ಟೀವ್ ಹೇಳುತ್ತಾನೆ. ಅವಳು ಏಣಿ ಹತ್ತುತ್ತಾಳೆ. ಗುಂಡಿನ ಮಳೆಗೆ ಗುರಾಣಿ ಹಿಡಿದು ನಡೆಯುವ ಆ ದೃಶ್ಯಕ್ಕೆ ಅಷ್ಟು ಬಲ ಬಂದದ್ದು, ಅವಳು ಅವನ ಮಾತು ಮೀರಿದ್ದರಿಂದ. ಆ ಚಿತ್ರವೂ ಕೊನೆಯಲ್ಲಿ ಕುಸಿಯಿತು: ಯುದ್ಧಕ್ಕೆ ಮನುಷ್ಯರೇ ಹೊಣೆ ಎಂದು ಗಟ್ಟಿಯಾಗಿ ಹೇಳುತ್ತ ಬಂದು, ಕಡೆಗೆ ಯುದ್ಧದೇವತೆ ಏರಿಸ್ ಜೊತೆ ಗ್ರಾಫಿಕ್ಸ್ ಕುಸ್ತಿಗೆ ಇಳಿಯಿತು.

ಚಂದ್ರಾಳ ಅಂಥ ನಿರ್ಧಾರ ಒಂದಿದೆ. ಯಾರ ಗಮನಕ್ಕೂ ಬೀಳಬೇಡ ಎಂಬ ಆಜ್ಞೆಯಿದ್ದರೂ ಸಹೋದ್ಯೋಗಿಯನ್ನು ಕಾಡುವ ರೌಡಿಗೆ ಅಡ್ಡ ನಿಲ್ಲುತ್ತಾಳೆ. ಅಲ್ಲಿಂದಲೇ ಅಂಗಾಂಗ ಕಳ್ಳಸಾಗಣೆಯವರು, ಪೊಲೀಸ್ ಎಲ್ಲ ಬೆನ್ನು ಹತ್ತುವುದು. ಅದಾದ ಮೇಲೆ ಬಂದದ್ದಕ್ಕೆ ಎದುರಾಗುವುದೇ ಅವಳ ಕೆಲಸವಾಯಿತು. ದ್ವಿತೀಯಾರ್ಧ ಸಡಿಲವಾಗಲು ಅತಿಥಿ ನಟರಿಗಿಂತ ಇದೇ ದೊಡ್ಡ ಕಾರಣ. ಕೊನೆಗೆ ಖಳನಿಗೂ ಅವಳದೇ ಶಕ್ತಿ ಬಂದು, ಇಬ್ಬರು ಒಂದೇ ಬಗೆಯವರು ಬಡಿದಾಡುತ್ತಾರೆ. ಇಂಥ ಚಿತ್ರಗಳಿಗೆಲ್ಲ ಅಂಟಿದ ರೋಗ ಇದು.

ಚಾಮರಾಜಪೇಟೆ:

ಬೆಂಗಳೂರಿನ ಮಾತು ಯಾರೂ ಎತ್ತಲಿಲ್ಲವಲ್ಲ! ನಾಚಿಯಪ್ಪ ಗೌಡ ಎಂಬ ಇನ್ಸ್‌ಪೆಕ್ಟರ್ ಈ ಊರಿನ ಹೆಣ್ಣುಮಕ್ಕಳ ನಡತೆಯ ಬಗ್ಗೆ ಆಡುವ ಮಾತಿಗೆ ಗಲಾಟೆಯಾಗಿ, ನಿರ್ಮಾಣ ಸಂಸ್ಥೆ ವೇಫೇರರ್ ಫಿಲ್ಮ್ಸ್ ಕ್ಷಮೆ ಕೇಳಿತು, ಸಂಭಾಷಣೆ ತೆಗೆಯುತ್ತೇವೆ ಅಥವಾ ತಿದ್ದುತ್ತೇವೆ ಎಂದಿತು.

ನನ್ನ ಮಟ್ಟಿಗೆ ಆ ಸಾಲು ಇರಬಹುದಿತ್ತು. ಹೆಣ್ಣೆಂದರೆ ಉರಿದುಬೀಳುವ ಖಳ ಹಾಗೆ ಮಾತಾಡದೆ ಇನ್ನು ಹೇಗೆ ಮಾತಾಡಬೇಕು? ಆ ಪಾತ್ರ ಮಾಡಿದ ಸ್ಯಾಂಡಿ ಮಾಸ್ಟರ್ ಅದನ್ನು ಮೈ ಜುಮ್ಮೆನ್ನುವಂತೆ ಮಾಡಿದ್ದಾರೆ ಕೂಡ. ಬೇಸರ ಬೇರೆಡೆಗೆ. ಕಥೆಯ ಬಹುಪಾಲು ಬೆಂಗಳೂರಿನಲ್ಲಿ ನಡೆದರೂ ಆ ಮಾತಿಗೆ ಉತ್ತರವಾಗಿ ನಿಲ್ಲುವ ಈ ಊರಿನ ಒಬ್ಬ ಹೆಣ್ಣುಮಗಳಿಗೆ ಗಟ್ಟಿ ಪಾತ್ರವಿಲ್ಲ. ಊರು ಬರೀ ನಿಯಾನ್ ದೀಪ, ಪಾರ್ಟಿ, ರೌಡಿಗಳು. ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ಸಾಗಹಾಕಿದ ಊರಿಗೆ ಯಕ್ಷಿ ಬಂದಿದ್ದಾಳೆ, ಅದನ್ನು ನೆನೆಯುವ ಒಬ್ಬ ಅಜ್ಜಿಯೂ ಇಲ್ಲವೆಂದರೆ ಏನು ಹೇಳುವುದು? ಕೈಗೆ ಬಂದ ತುತ್ತು ಬಿಟ್ಟರು.

ರಾತ್ರಿಪಾಳಿಯವಳು:

ಗಡಿನಾಡಿನವರೇ, ಮೊಳೆ ತೆಗೆದದ್ದು ದೊಡ್ಡ ಕೆಲಸ, ಸರಿ. ಆದರೆ ಮೊಳೆ ಹೋದ ಜಾಗದಲ್ಲಿ ಒಂದು ಸಂಘಟನೆ, ಅದರ ಮೇಲೊಬ್ಬ ಮೂತ್ತೋನ್ (ಎಲ್ಲರಿಗೂ ಹಿರಿಯ), ಅವನ ಆಜ್ಞೆ ಬಂದು ಕೂತಿವೆ. ಅವಳು ಈಗಲೂ ಯಾರೋ ಕಳಿಸಿದಲ್ಲಿಗೆ ಹೋಗುತ್ತಾಳೆ.

ಕತ್ತರಿಯವರ ಪ್ರಶ್ನೆ ಅಕ್ಕನ ಮುಂದಿಟ್ಟೆ. ಸನ್ನಿಯನ್ನು ಬಿಟ್ಟು ಹೊರಡಲು ಒಪ್ಪಿದ್ದೂ ಚಂದ್ರಾಳದೇ ನಿರ್ಧಾರ ಎನ್ನುತ್ತಾಳೆ. ನಾನು ಒಪ್ಪಿಲ್ಲ. ನೀವೇನು ಹೇಳುತ್ತೀರಿ?

ಕತ್ತರಿ:

ಒಪ್ಪಬೇಡಿ. ಅದು ಎರಡನೆಯ ಭಾಗಕ್ಕೆ ಬೇಕಾದ ನಿರ್ಗಮನ. ಬರಹಗಾರರ ನಿರ್ಧಾರ, ಅವಳದಲ್ಲ.